ಅತ್ತೆಯ ಎರಡು ಸಾವಿರ, ಇವರ ಮುನ್ನೂರು

2023ರ ಮಳೆಗಾಲ ಶುರುವಾಗುವ ಹೊತ್ತಿಗೆ ಇವರ ಕೆಲಸ ಹೋಯಿತು. ಬೈಕಂಪಾಡಿಯ ಒಂದು ಸಣ್ಣ ಕಾರ್ಖಾನೆ. ಆರ್ಡರ್ ಇಲ್ಲ ಅಂತ ಒಂದು ಶಿಫ್ಟನ್ನೇ ನಿಲ್ಲಿಸಿದರು. ಸಂಬಳ 18,000 ಇತ್ತು. ಸುರತ್ಕಲ್‌ನಲ್ಲಿ ಬಾಡಿಗೆ ಮನೆ, ಆಗಷ್ಟೇ ಶುರುವಾದ ಮಗಳ ಶಾಲೆ, ಅತ್ತೆಯ ಶುಗರ್ ಮಾತ್ರೆ.

ಆಗ ಊರೆಲ್ಲ ಗ್ಯಾರಂಟಿಯದ್ದೇ ಮಾತು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಮ್ಮ ರೂಟಿನಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು, ಹಾಗಾಗಿ ಫ್ರೀ ಟಿಕೆಟನ್ನು ನಾವು ಟಿವಿಯಲ್ಲಿ ನೋಡಿದ್ದೇ ಜಾಸ್ತಿ. ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ. ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ ತಿಂಗಳಿಗೆ 2,000. ನಮ್ಮ ಕಾರ್ಡಿನಲ್ಲಿ ಯಜಮಾನಿ ಅತ್ತೆ. ನೋಂದಣಿಗೆ ಹೋಗುವ ದಿನ ಅವರು ಮದುವೆಮನೆಗೆ ಉಡುವ ಸೀರೆ ಉಟ್ಟರು. ಕ್ಯೂನಲ್ಲಿ ಕಾರಿಟ್ಟವರ ಮನೆಯ ಹೆಂಗಸರೂ ಇದ್ದರು. ಯಾರ ಮುಖದಲ್ಲೂ ಮುಜುಗರ ಇರಲಿಲ್ಲ.

ಅದೇ ವಾರ ನಾನು ಇಎಸ್‌ಐ, ಅಂದರೆ ಸಂಬಳದಿಂದ ಕಡಿತವಾಗುವ ನೌಕರರ ವಿಮೆಯ ಮಾತೆತ್ತಿದೆ. ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಅಂತ ಒಂದು ಯೋಜನೆ ಇತ್ತು, 2018ರಲ್ಲಿ ಶುರುವಾದದ್ದು. ಇಎಸ್‌ಐ ಕಟ್ಟುತ್ತಿದ್ದವರ ಕೆಲಸ ಹೋಗಿ 30 ದಿನ ದಾಟಿದರೆ ಅರ್ಜಿ ಹಾಕಬಹುದಿತ್ತು. ಸರಾಸರಿ ದಿನಗೂಲಿಯ ಅರ್ಧ, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 300 ರೂಪಾಯಿ.

"ಅದೆಲ್ಲ ಬೇಡ. ಕೈಕಾಲು ಗಟ್ಟಿ ಉಂಟಲ್ಲ" ಅಂದರು ಇವರು.

"ಜನ ಎಂತ ಹೇಳಿಯಾರು ಮಾರಾಯ್ತಿ, ಕೂತು ತಿಂತಾನೆ ಅಂತ ಅಲ್ವಾ?" ಅಂದರು ಅತ್ತೆ. ಗೃಹಲಕ್ಷ್ಮಿಯ ಚೀಟಿ ಅವರ ಕೈಯಲ್ಲೇ ಇತ್ತು.

ನಾನು ಹಳೆಯ ಪೇ ಸ್ಲಿಪ್ ತಂದು ಇಬ್ಬರ ಮುಂದೆ ಇಟ್ಟೆ. ಇಎಸ್‌ಐ ಕಡಿತ 135. ಕಂಪನಿಯ ಪಾಲು ಬೇರೆ. ತಿಂಗಳು ತಿಂಗಳು ಕಟ್ಟಿದ್ದು ಇವರೇ, ಬೇಡ ಅಂದರೆ ಅದು ಯಾರಿಗೆ ಹೋಗುತ್ತದೆ? ಅತ್ತೆ ಸ್ಲಿಪ್ಪನ್ನು ದೂರ ಹಿಡಿದು ಓದಿದರು, ಆಮೇಲೆ ಏನೂ ಹೇಳಲಿಲ್ಲ.

ಅರ್ಜಿಯೇನೋ ಆನ್‌ಲೈನ್. ಆದರೆ ಆಧಾರಿನಲ್ಲಿ ಇವರ ಪೂರ್ತಿ ಹೆಸರು, ಇಎಸ್‌ಐ ದಾಖಲೆಯಲ್ಲಿ ಬರೀ ಇನಿಶಿಯಲ್. ಅದನ್ನು ಸರಿ ಮಾಡಿಸಲು ಶಾಖಾ ಕಚೇರಿಗೆ ಹೋಗಲೇಬೇಕಾಯಿತು. ಧೋ ಅಂತ ಮಳೆ. ಇವರು ಒಳಗೆ ಬರಲೇ ಇಲ್ಲ, ಹೊರಗೆ ಶೀಟಿನ ಕೆಳಗೆ ನಿಂತರು. ನಾನು ಫೈಲು ಹಿಡಿದು ಕೌಂಟರಿಗೆ ಹೋದರೆ, "ಅರ್ಜಿದಾರರು ಎಲ್ಲಿ ಮೇಡಂ?" ಅಂತ ಕೇಳಿದರು.

ಕರೆಯಲು ಹೊರಗೆ ಬಂದೆ. ಅಲ್ಲಿ ಇವರ ಹಳೆಯ ಶಿಫ್ಟಿನವರೊಬ್ಬರು ಕೊಡೆ ಮಡಚುತ್ತಾ ನಿಂತಿದ್ದರು. "ಎಂತ ಇಲ್ಲಿ?" ಅಂತ ಇವರು ಕೇಳಿದರು. "ಸುಮ್ನೆ, ಭಾವನ ಕೆಲಸ ಒಂದಿತ್ತು. ನೀವು?" "ನಮ್ಮದು ಅಮ್ಮನ ಮಾತ್ರೆ." ಅಲ್ಲಿ ಮಾತ್ರೆ ಕೊಡುವುದೇ ಇಲ್ಲ! ಅವರ ಕೈಯ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಾಸ್‌ಬುಕ್ ಎಲ್ಲ ಕಾಣುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಅವರೂ ನಕ್ಕರು, ಇವರೂ ನಕ್ಕರು. ಇಬ್ಬರೂ ಜೊತೆಗೇ ಒಳಗೆ ಬಂದರು. ಆಮೇಲೆ ಯಾವ ಕಾಗದ ಬೇಕು, ಯಾವುದು ಬೇಡ ಅಂತ ಅವರಿಬ್ಬರದ್ದೇ ಚರ್ಚೆ, ನನ್ನನ್ನು ಕೇಳುವವರಿಲ್ಲ.

ಪಿಎಫ್ ಕಥೆ ಬೇರೆ. ಕಂಪನಿಯವರು ಪಿಎಫ್ ಪೋರ್ಟಲಿನಲ್ಲಿ ಇವರು ಕೆಲಸ ಬಿಟ್ಟ ದಿನಾಂಕ ಹಾಕಿರಲಿಲ್ಲ. ಫೋನ್ ಮಾಡಿದರೆ "ನಾಳೆ, ನಾಳೆ". ಎರಡು ತಿಂಗಳಾದ ಮೇಲೆ ನೌಕರರೇ ಪೋರ್ಟಲಿನಲ್ಲಿ ಹಾಕಬಹುದು ಅಂತ ಗೊತ್ತಾಗಿ ನಾವೇ ಹಾಕಿದೆವು. ಇದನ್ನು ಕಂಪನಿಯಲ್ಲಿ ಯಾರೂ ಹೇಳಿರಲಿಲ್ಲ.

ಇಎಸ್‌ಐ ಹಣ ಬಂತು. ಬಾಡಿಗೆ ಬಾಕಿ ತೀರಿತು, ಫೀಸಿನ ಒಂದು ಕಂತು ಹೋಯಿತು. ಅತ್ತೆಗೆ ಗೃಹಲಕ್ಷ್ಮಿಯೂ ಬಂತು. ಅದರಲ್ಲಿ ಮಗನಿಗೆ ಕೊಟ್ಟಿದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ, ಸಾಲ ಅಂತ.

ಈಗ ಇವರಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಸಂಬಳ ಮೊದಲಿಗಿಂತ ಕಡಿಮೆ. ಅಲ್ಲಿ ಹತ್ತು ಜನ ಇಲ್ಲದ ಕಾರಣ ಇಎಸ್‌ಐ ಇಲ್ಲ. ಸೇರುವ ಮೊದಲು ಇವರು ಮಾಲೀಕರ ಹತ್ತಿರ ಕೇಳಿದ ಮೊದಲ ಪ್ರಶ್ನೆಯೇ ಅದಂತೆ.