ಕಾಸ್ ಒಳಗಿನ 3ಎಕ್ಸ್²

ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಮೊನ್ನೆ ಟೆಸ್ಟ್ ಪೇಪರಿನ ಫೋಟೋ ಕಳಿಸಿದಳು. ಸೈನ್(3ಎಕ್ಸ್²) ಇದರ ಡೆರಿವೇಟಿವ್, ಅಂದರೆ ಗ್ರಾಫಿನ ಒಂದೊಂದು ಜಾಗದಲ್ಲಿ ಏರು (ಸ್ಲೋಪ್) ಎಷ್ಟು ಅಂತ, ಕೇಳಿದ್ದಾರೆ. ಇವಳು ಬರೆದದ್ದು ಕಾಸ್(6ಎಕ್ಸ್). ಪಕ್ಕದಲ್ಲಿ ಕೆಂಪು ಇಂಕಿನ ಸೊನ್ನೆ.

'ಮಾಮ, ಒಳಗಿಂದೂ ಮಾಡಿದ್ದೀನಿ, ಹೊರಗಿಂದೂ ಮಾಡಿದ್ದೀನಿ. ಮತ್ತೆ ಯಾಕೆ ತಪ್ಪು?'

ನಗು ಬಂತು. ಪಿಯುಸಿಯಲ್ಲಿ ನಾನೂ ಇದೇ ತಪ್ಪು ಮಾಡಿಕೊಂಡೇ ವರ್ಷ ಕಳೆದವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲೆಕ್ಚರರ್ 'ಔಟರ್, ಇನ್ನರ್' ಅನ್ನೋದು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಇದಕ್ಕಿರುವ ಚೈನ್ ರೂಲ್‌ನ ಸೂತ್ರ ಹೇಳಲು ಹೋಗಲಿಲ್ಲ. 'ಎಕ್ಸ್ ಜಾಗದಲ್ಲಿ ಸೊನ್ನೆ ಹಾಕು' ಅಂದೆ. ಅವಳ ಉತ್ತರದ ಪ್ರಕಾರ ಸ್ಲೋಪ್ ಕಾಸ್(0), ಅಂದರೆ 1. ಗ್ರಾಫು ಅಲ್ಲಿ ಏರುತ್ತಿರಬೇಕು. ಆದರೆ ಎಕ್ಸ್ 0.1 ಇರಲಿ, ಮೈನಸ್ 0.1 ಇರಲಿ, ವರ್ಗ ಮಾಡಿದರೆ ಒಂದೇ. ಸೈನ್ ಎರಡೂ ಕಡೆ ಸುಮಾರು 0.03, ನಡುವೆ ಸೊನ್ನೆ. ಥೇಟ್ ಬಾಣಲೆ. ಬಾಣಲೆಯ ತಳದಲ್ಲಿ ಎಲ್ಲಿಯ ಏರು?

'ಅಯ್ಯೋ ಹೌದು' ಅಂದಳು.

ಆಮೇಲೆ ಸೈಕಲ್ ಹತ್ತಿರ ಕಳಿಸಿ ಹಲ್ಲುಚಕ್ರಗಳ ಹಲ್ಲು ಎಣಿಸಲು ಹೇಳಿದೆ. ಮುಂದೆ 44, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು. ಚಕ್ರದ ಒಂದು ಸುತ್ತಿಗೆ ಎರಡು ಮೀಟರ್ ಅಂತ ಹಿಡಿ. ಹಾಗಾದರೆ ಪೆಡಲ್ ಒಂದು ಸುತ್ತಿಗೆ? ಐದು ಮೀಟರ್. ಯಾರೂ ಹೇಳಿಕೊಡದೆಯೇ ಗುಣಿಸಿದ್ದಳು.

ಇಲ್ಲೂ ಅಷ್ಟೇ. ಎಕ್ಸ್ ಚೂರು ಅಲುಗಿದರೆ 3ಎಕ್ಸ್² ಅದರ 6ಎಕ್ಸ್ ಪಟ್ಟು ಅಲುಗುತ್ತೆ. ಸೈನ್‌ನ ಡೆರಿವೇಟಿವ್ ಕಾಸ್, ಹಾಗಾಗಿ ಆ ಅಲುಗಾಟವನ್ನು ಸೈನ್ ಮತ್ತೆ ಕಾಸ್(3ಎಕ್ಸ್²) ಪಟ್ಟು ಮಾಡುತ್ತೆ. ಗುಣಿಸಿದರೆ 6ಎಕ್ಸ್ ಕಾಸ್(3ಎಕ್ಸ್²). ಸೊನ್ನೆ ಹಾಕಿದರೆ ಸೊನ್ನೆ, ಬಾಣಲೆಗೆ ಸರಿಹೋಯಿತು.

ಕಾಸ್ ಒಳಗಿನ 3ಎಕ್ಸ್² ಯಾಕೆ ಹಾಗೇ ಉಳಿಯಿತು? ಸೈನ್ ಈಗ ನಿಂತಿರುವ ಜಾಗವೇ ಅದು. ಏರು ಎಷ್ಟಿದೆ ಅಂತ ನಿಂತ ಜಾಗದಲ್ಲೇ ನೋಡಬೇಕು, ಅಲ್ವಾ? ನನಗೆ ಅವತ್ತು ಹೊಳೆಯದೇ ಹೋದದ್ದು ಇಷ್ಟೇ.

ಸಮಾಧಾನಕ್ಕೆ ಇನ್ನೊಂದು ಮಾತು ಹೇಳಿದೆ. ಈ ನಿಯಮ ಗಣಿತಜ್ಞ ಲೈಬ್ನಿಜ್‌ನ 1676ರ ಬರಹದಲ್ಲೇ ಇದೆ. ಒಂದು ವರ್ಗಮೂಲಕ್ಕೆ ಹಾಕಿ ಲೆಕ್ಕ ಮಾಡಿದ್ದ, ಅದರಲ್ಲಿ ಪ್ಲಸ್ಸು ಮೈನಸ್ಸು ತಪ್ಪಿದ್ದ!

ರಾತ್ರಿ ಇನ್ನೊಂದು ಫೋಟೋ ಬಂತು. ಈ ಸಲ ಸೈನ್²ಎಕ್ಸ್, ಅಂದರೆ (ಸೈನ್ ಎಕ್ಸ್)². ಇದು ಬರೆಯುವ ರೀತಿಯೇ ಮೋಸದ್ದು, ಸೈನ್ ಮೊದಲು ಕಾಣುತ್ತೆ. ಕೆಳಗೆ 2 ಸೈನ್ ಎಕ್ಸ್ ಕಾಸ್ ಎಕ್ಸ್ ಅಂತ ಬರೆದು ಬಾಣ ಹಾಕಿದ್ದಳು: 'ಹೊರಗಿರೋದು ಸ್ಕ್ವೇರು, ಅಲ್ವಾ ಮಾಮ?'