ಊರ ಮಕ್ಕಳಿಗೆಲ್ಲ ತಾತನಾಗಿದ್ದ ರ‍್ಯಾಂಚರ್

ಈ ಚಳಿಗಾಲದಲ್ಲಿ ಅಮೆರಿಕದ ನಮ್ಮ ಕಡೆಯ ಒಬ್ಬ ರ‍್ಯಾಂಚರ್ ತೀರಿಕೊಂಡರು. ಹುಲ್ಲುಗಾವಲಿನಲ್ಲಿ ದನದ ಹಿಂಡು ಸಾಕುವವರಿಗೆ ಇಲ್ಲಿ ಹಾಗನ್ನುತ್ತಾರೆ. ಅವರಿಗೆ ಎಂಬತ್ತು ದಾಟಿತ್ತು. ಇಲ್ಲಿ ಯಾರಾದರೂ ಹೋದರೆ ಊರಿನ ಪತ್ರಿಕೆಯಲ್ಲಿ ಅವರ ಬದುಕಿನ ಬಗ್ಗೆ ನಾಲ್ಕು ಮಾತು ಹಾಕಿಸುತ್ತಾರೆ. ಹುಟ್ಟಿದ್ದು, ಮದುವೆ, ಮಕ್ಕಳು, ಮೊಮ್ಮಕ್ಕಳು, ಶವಪೆಟ್ಟಿಗೆಗೆ ಹೆಗಲು ಕೊಡುವವರ ಹೆಸರು. ಇವರದರಲ್ಲಿ ಆ ಹೆಸರುಗಳ ಕೆಳಗೆ ಇನ್ನೊಂದು ಸಾಲಿತ್ತು. ಅವರ ಹತ್ತಿರ ದನ ಸಾಕುವುದನ್ನು ಕಲಿತ ಫೋರ್-ಎಚ್ ಎಂಬ ಕ್ಲಬ್ಬಿನ ಮಕ್ಕಳೆಲ್ಲರಿಗೂ ಹೆಗಲು ಕೊಟ್ಟ ಗೌರವ ಸೇರಬೇಕು ಅಂತ. ಆ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಅದಕ್ಕೇ ಇದನ್ನು ತವರೂರಿನವರಿಗೆ ಬರೆಯಬೇಕು ಅನ್ನಿಸಿತು.

ಅವರ ಹೆಸರು ಹಾಕುವುದಿಲ್ಲ. ಹೆಸರು ಮೆರೆಸಿಕೊಳ್ಳುವುದು ಅವರಿಗೆ ಯಾವತ್ತೂ ಇಷ್ಟವಿರಲಿಲ್ಲ. ನಮ್ಮ ಮನೆಯಲ್ಲಿ ಅವರು ರ‍್ಯಾಂಚ್ ತಾತ.

ನಾವಿರುವುದು ಅಮೆರಿಕದ ನೆಬ್ರಾಸ್ಕ ರಾಜ್ಯದ ಚೆರ್ರಿ ಕೌಂಟಿಯಲ್ಲಿ. ನನ್ನ ತವರು ಹಾಸನ ಜಿಲ್ಲೆ. ಈ ಕೌಂಟಿ ಹಾಸನ ಜಿಲ್ಲೆಯ ಎರಡರಷ್ಟಕ್ಕಿಂತ ದೊಡ್ಡದು. ಜನ ಮಾತ್ರ ಐದೂವರೆ ಸಾವಿರದ ಆಸುಪಾಸು. ಯಜಮಾನರಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ, ಹಾಗಾಗಿ ಬಂದೆವು. ಈ ಸೀಮೆಗೆ ಸ್ಯಾಂಡ್‌ಹಿಲ್ಸ್ ಅಂತಾರೆ. ಎತ್ತ ನೋಡಿದರೂ ಮರಳಿನ ದಿಬ್ಬ, ಅದರ ಮೇಲೆ ಹುಲ್ಲು. 1904ರಲ್ಲಿ ಸರ್ಕಾರ ಒಂದು ಕಾಯಿದೆ ಮಾಡಿ ಇಲ್ಲಿಗೆ ಬಂದು ನೆಲೆಸುವವರಿಗೆ ತಲಾ 640 ಎಕರೆ ಕೊಟ್ಟಿತು. ಉಳುಮೆ ಮಾಡಲು ಹೋದವರ ಕೈಗೆ ಏನೂ ಹತ್ತಲಿಲ್ಲ. ಬೇರು ಕಿತ್ತರೆ ಮರಳು ಗಾಳಿಗೆ ಹಾರಿ ದೊಡ್ಡ ಗುಂಡಿ ಬೀಳುತ್ತದೆ. ಅಂಥ ಗುಂಡಿಗಳಿಗೆ ಹಳೇ ಟೈರು, ಹುಲ್ಲು ತುಂಬಿಸಿ ಮರಳು ನಿಲ್ಲಿಸುವುದನ್ನು ನಾನು ತಾತನ ಜಮೀನಿನಲ್ಲೇ ನೋಡಿದ್ದು. ಉಳುಮೆ ಬಿಟ್ಟು ಹುಲ್ಲು ನಂಬಿದವರು ಉಳಿದುಕೊಂಡರು. ಇಡೀ ರಾಜ್ಯದಲ್ಲಿ ಜನ 20 ಲಕ್ಷದಷ್ಟು, ದನ ಅದರ ಮೂರು ಪಟ್ಟು.

ಈ ದನ ಮಾಂಸಕ್ಕೆ ಸಾಕುವ ದನ. ಓದುವವರಲ್ಲಿ ಕೆಲವರಿಗೆ ಇದು ಕಸಿವಿಸಿ ಅನ್ನಿಸಬಹುದು. ನಮಗೂ ಮೊದಮೊದಲು ಹಾಗೇ ಆಗಿತ್ತು. ಆದರೆ ಅದನ್ನು ಮುಚ್ಚಿಟ್ಟು ಈ ಮನುಷ್ಯನ ಬಗ್ಗೆ ಬರೆದರೆ ಅದು ಅರ್ಧ ಸುಳ್ಳು.

ಫೋರ್-ಎಚ್ ಅಂದರೆ ಹಳ್ಳಿ ಮಕ್ಕಳ ಕ್ಲಬ್ಬು. ಈಗ ಪಟ್ಟಣದ ಮಕ್ಕಳೂ ಇದ್ದಾರೆ. ತಲೆ, ಹೃದಯ, ಕೈ, ಆರೋಗ್ಯ, ಇವುಗಳ ಇಂಗ್ಲಿಷ್ ಹೆಸರಿನ ನಾಲ್ಕು ಎಚ್‌ಗಳು. ಗುರುತು ಕ್ಲೋವರ್ ಎಂಬ ಮೇವಿನ ಸೊಪ್ಪಿನ ನಾಲ್ಕು ಹಸಿರು ಎಲೆ. 1902ರಲ್ಲಿ ಒಹಾಯೋ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಮೇಷ್ಟ್ರು ಶುರುಮಾಡಿದ ಮಕ್ಕಳ ಕೂಟವೇ ಇದರ ಮೂಲ ಅಂತಾರೆ. ಆ ಕಾಲದ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಕೃಷಿ ಕಾಲೇಜಿನವರು ಹೊಸ ಬೀಜ, ಹೊಸ ಪದ್ಧತಿ ತಂದರೆ ದೊಡ್ಡವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮಕ್ಕಳಿಗೆ ಬೀಜ ಕೊಟ್ಟರು. ಮಕ್ಕಳು ಒಂದು ಪಟ್ಟೆಯಲ್ಲಿ ಬೆಳೆದು ತೋರಿಸಿದರು. ಮಗನ ಮೆಕ್ಕೆಜೋಳ ತನ್ನದಕ್ಕಿಂತ ಚೆನ್ನಾಗಿ ಬಂದಾಗ ಅಪ್ಪ ಬಾಯಿ ಮುಚ್ಚಿಕೊಂಡು ಆ ಬೀಜ ಕೇಳಿದ. 1914ರಲ್ಲಿ ಬಂದ ಸ್ಮಿತ್-ಲೀವರ್ ಕಾಯಿದೆಯಿಂದ ಈ ಕೆಲಸ ಹೊಸ ಕೃಷಿ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಕ್ಕೆ ಸೇರಿತು. ನಮ್ಮಲ್ಲಿ ಈಗಲೂ ನೆಬ್ರಾಸ್ಕ ವಿಶ್ವವಿದ್ಯಾಲಯದ ಕೌಂಟಿ ಕಚೇರಿಯೇ ನೋಡಿಕೊಳ್ಳುತ್ತದೆ.

ಕಚೇರಿಯಲ್ಲಿ ಸಂಬಳದವರು ಒಬ್ಬಿಬ್ಬರು. ಮಕ್ಕಳ ಕೈಹಿಡಿದು ಕಲಿಸುವವರು ತಾತನಂಥವರು. ಒಂದು ಪೈಸೆ ಇಲ್ಲ. ಪೆಟ್ರೋಲ್ ಕೂಡ ಕೈಯಿಂದಲೇ.

ಹಸುಕರು ಸಾಕಬೇಕು ಅಂತ ಮಗಳು ಹಟ ಹಿಡಿದಾಗ ನಮ್ಮದು ಪಟ್ಟಣದ ಮನೆ, ಕೊಟ್ಟಿಗೆ ಇಲ್ಲ. ತಾತ "ನನ್ನ ಕೊಟ್ಟಿಗೆ ಇದೆಯಲ್ಲ" ಅಂದರು. ತಾಯಿ ಸತ್ತ ಒಂದು ಕರು ಕೊಟ್ಟರು. ಚಿಕ್ಕ ಮಕ್ಕಳಿಗೆ ಮೊದಲು ಕೊಡುವುದೇ ಇಂಥದ್ದು, ಬಾಟಲಿಯಲ್ಲಿ, ಆಮೇಲೆ ಬಕೆಟ್ಟಿನಲ್ಲಿ ಹಾಲು ಕುಡಿಸಿ ಬೆಳೆಸುವ ಕರು. ಷರತ್ತು ಒಂದೇ. ಕರು ಕುಡಿಯುವವರೆಗೆ ನೀನು ತಿಂಡಿ ತಿನ್ನುವ ಹಾಗಿಲ್ಲ. ಶಾಲೆಗೆ ಮೊದಲು ಕತ್ತಲಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದವಳು ನಾನು. ಹೋದಾಗಲೆಲ್ಲ ಅವರು ಅಲ್ಲಿ ನಿಂತಿರುತ್ತಿದ್ದರು, ಆದರೆ ಬಾಟಲಿ ಮುಟ್ಟುತ್ತಿರಲಿಲ್ಲ.

ಹಗ್ಗ ಹಿಡಿದು ನಡೆಸುವುದನ್ನು ಕಲಿಸಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕರು ನಾಲ್ಕು ಕಾಲೂರಿ ನಿಂತುಬಿಟ್ಟಿತ್ತು. ಮಗಳು ಜಗ್ಗಿ ಜಗ್ಗಿ ಅಂಗೈ ಕೆಂಪಾಗಿತ್ತು. ತಾತ ಹಗ್ಗ ಇಸಕೊಳ್ಳಲಿಲ್ಲ. ಬೇಲಿಯ ಆಚೆ ನಿಂತೇ ಹೇಳಿದರು. "ಜಗ್ಗಬೇಡ ಮಗು. ಬಿಗಿಯಾಗಿ ಹಿಡಿದು ಸುಮ್ನೆ ನಿಲ್ಲು. ಅದು ಒಂದು ಹೆಜ್ಜೆ ಇಟ್ಟ ತಕ್ಷಣ ಸಡಿಲ ಬಿಡು. ಆ ಹೆಜ್ಜೆಗೆ ಸಿಗೋ ಬಹುಮಾನ ಅದೇ." ಎಷ್ಟೋ ಹೊತ್ತು ನಿಂತಳು. ಕರು ಒಂದು ಹೆಜ್ಜೆ ಇಟ್ಟಿತು. ಇವಳು ಹಗ್ಗ ಬಿಟ್ಟಳು. ಅದು ತಲೆ ಒದರಿ ಇನ್ನೊಂದು ಹೆಜ್ಜೆ ಇಟ್ಟಿತು. ಹಾಸನದಲ್ಲಿ ನಮ್ಮಪ್ಪ ಹಳ್ಳಿಕಾರ್ ಹೋರಿಗಳನ್ನು ಪಳಗಿಸುತ್ತಿದ್ದರು. ಆದರೆ ಹೆಣ್ಣುಹುಡುಗಿ ಅಂತ ನನ್ನ ಕೈಗೆ ಯಾರೂ ಹಗ್ಗ ಕೊಟ್ಟಿರಲಿಲ್ಲ.

ದೊಡ್ಡವಳಾದ ಮೇಲೆ ಮಾಂಸದ ಹೋರಿ ಸಾಕುವ ವಯಸ್ಸು ಬಂತು. ಸಾಕಿ, ಜಾತ್ರೆಯಲ್ಲಿ ತೋರಿಸಿ, ಹರಾಜಿಗೆ ಬಿಡುವುದು ಇಲ್ಲಿನ ರೂಢಿ. ನಾನು ಹೇಗೆ ಹೇಳಲಿ ಅಂತ ತಡವರಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿಮ್ಮ ಮನೆಗೆ ಕಡಸು ಸರಿ ಹೋಗುತ್ತೆ. ತೋರಿಸಿ ಆದ ಮೇಲೆ ಅದು ನನ್ನ ಹಿಂಡಿಗೇ ವಾಪಸ್ ಬಂದು ಕರು ಹಾಕ್ಲಿ" ಅಂದರು. ಅದರ ಮೇಲೆ ಒಂದು ಪ್ರಶ್ನೆಯಿಲ್ಲ, ವಿವರಣೆ ಕೇಳಲಿಲ್ಲ. ಪರದೇಶದಲ್ಲಿ ಇಷ್ಟು ವರ್ಷದಲ್ಲಿ ನಮ್ಮ ಮನಸ್ಸನ್ನು ಇಷ್ಟು ಸಲೀಸಾಗಿ ಅರ್ಥ ಮಾಡಿಕೊಂಡವರು ಕಡಿಮೆ.

ಜಾತ್ರೆ ಅಂದೆನಲ್ಲ, ಅದು ಕೌಂಟಿ ಫೇರ್. ಬೇಸಿಗೆ ಕೊನೆಗೆ ಬರುತ್ತದೆ. ಮಕ್ಕಳು ದನದ ಮೈ ತೊಳೆದು, ಬ್ಲೋವರ್ ಹಿಡಿದು ಕೂದಲು ಒಣಗಿಸಿ, ಬಾಚಿ, ರಿಂಗಿಗೆ ತರುತ್ತಾರೆ. ಕೈಯಲ್ಲಿ ತುದಿಗೆ ಕೊಕ್ಕೆ ಇರುವ ಉದ್ದನೆ ಕೋಲು. ಅದರಲ್ಲಿ ಹೊಡೆಯುವುದಿಲ್ಲ. ಗೊರಸು ಮುಟ್ಟಿ ಕಾಲು ಸರಿಯಾಗಿ ಇಡಿಸುತ್ತಾರೆ, ದನ ಗಾಬರಿಯಾದರೆ ಹೊಟ್ಟೆಯಡಿ ಮೆಲ್ಲಗೆ ಕೆರೆಯುತ್ತಾರೆ. ತೀರ್ಪುಗಾರರು ದನವನ್ನಷ್ಟೇ ನೋಡದೆ ಮಕ್ಕಳನ್ನೂ ಕೇಳುತ್ತಾರೆ. ಏನು ಮೇವು ಹಾಕಿದೆ, ಎಷ್ಟು ತೂಕ, ಯಾವ ಲಸಿಕೆ.

ಹರಾಜಿನ ದಿನ ಮಕ್ಕಳು ಅಳುತ್ತಾರೆ. ತಿಂಗಳುಗಟ್ಟಲೆ ಬಳಿಯಲ್ಲಿದ್ದ ಪ್ರಾಣಿ, ಅಳದೆ ಇರುತ್ತಾರಾ? ಊರಿನ ಬ್ಯಾಂಕಿನವರು, ಅಂಗಡಿಯವರು ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಕೂಗುತ್ತಾರೆ. ಆ ದುಡ್ಡು ಮಕ್ಕಳ ಕಾಲೇಜಿಗೆ. ಒಂದು ವರ್ಷ ದೊಡ್ಡ ಹುಡುಗನೊಬ್ಬ ಹರಾಜು ಮುಗಿದ ಮೇಲೆ ಹೋರಿಯ ಕುತ್ತಿಗೆಗೆ ಮುಖ ಒತ್ತಿ ಬಿಕ್ಕುತ್ತಿದ್ದ. ಅವನ ಗೆಳೆಯರು ಅತ್ತ ಬರುತ್ತಿದ್ದರು. ತಾತ ಹೋಗಿ ಅವನಿಗೂ ಅವರಿಗೂ ನಡುವೆ ಬೆನ್ನು ಕೊಟ್ಟು ನಿಂತರು. ತಿರುಗಿಯೂ ನೋಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹುಡುಗ ಮುಖ ಒರೆಸಿಕೊಳ್ಳುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಅವನ ಜೊತೆ ಮೇವಿನ ಬಕೆಟ್ ಎತ್ತಿಕೊಂಡು ನಡೆದರು.

ಮಾರನೇ ತಿಂಗಳು ಅದೇ ಮಕ್ಕಳನ್ನು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ ಲೆಕ್ಕದ ಪುಸ್ತಕ ಬರೆಸುತ್ತಿದ್ದರು. ಮೇವಿನ ಖರ್ಚು, ಔಷಧಿ, ತೂಕ, ಬಂದ ಹಣ. ನಷ್ಟ ಆಗಿದ್ದರೆ ನಷ್ಟ ಅಂತಲೇ ಬರೆಯಬೇಕು. ಅಜ್ಜಿ ಪೈ ಮಾಡಿ ಕೊಡುತ್ತಿದ್ದರು. ಮದುವೆಯಾಗಿ ಐವತ್ತು ವರ್ಷದ ಮೇಲಾಗಿದ್ದರೂ ಅವರಿಬ್ಬರು ಒಬ್ಬರನ್ನೊಬ್ಬರು ಮಾತಾಡಿಸುವ ರೀತಿ ನೋಡಿದರೆ ಖುಷಿಯಾಗುತ್ತಿತ್ತು.

ಅವರಿಗೆ ಪುರುಸೊತ್ತು ಜಾಸ್ತಿ ಇತ್ತು ಅಂದುಕೊಳ್ಳಬೇಡಿ. ಚಳಿಗಾಲದ ಕೊನೆಯಲ್ಲಿ ಹಸುಗಳು ಈಯುವ ಕಾಲ, ರಾತ್ರಿಯೆಲ್ಲ ಎದ್ದು ನೋಡಬೇಕು. 2019ರ ಮಾರ್ಚ್‌ನಲ್ಲಿ ನೆಬ್ರಾಸ್ಕಕ್ಕೆ ಭಾರಿ ಹಿಮಗಾಳಿ ಬಂದು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು ಕರುಗಳು ಸತ್ತವು. ತಾತ ತಮ್ಮ ಮನೆಯ ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ತುಂಬಿಸಿ, ಮರಗಟ್ಟಿದ ಕರುಗಳನ್ನು ಅದರಲ್ಲಿ ಹಿಡಿದು, ಗಿಣ್ಣುಹಾಲು ಕುಡಿಸಿ ಕೆಲವನ್ನು ಉಳಿಸಿದರು. ಅವರಿಗೇ ಅಷ್ಟು ನಷ್ಟ. ಆದರೂ ಗಾಳಿ ನಿಂತ ಮೇಲೆ ಕ್ಲಬ್ಬಿನ ಪ್ರತಿ ಮಗುವಿಗೂ ಫೋನ್ ಮಾಡಿ, ನಿನ್ನ ಕರು ಹೇಗಿದೆ ಅಂತ ಕೇಳಿದರು. ಕರು ಕಳಕೊಂಡ ಮಕ್ಕಳ ಜೊತೆ ಜಾಸ್ತಿ ಹೊತ್ತು ಮಾತಾಡಿದರು. ಮೊಮ್ಮಗಳ ವಾಲಿಬಾಲ್ ಆಟ ಇದ್ದರೆ ನೂರು ಮೈಲಿಯಾದರೂ ಸರಿ, ಅಜ್ಜಿ ಜೊತೆ ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಸ್ವಂತ ಮಕ್ಕಳು, ಊರ ಮಕ್ಕಳು ಅಂತ ಅವರು ಪಾಲು ಮಾಡಿದ್ದನ್ನು ನಾನು ನೋಡಲಿಲ್ಲ.

ಬೆಂಗಳೂರಿನ ನಮ್ಮ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಮಾದರಿಯಾಗಿದ್ದು ಸರ್ಕಾರ ಕೊಟ್ಟ ಜಮೀನಿನ ನೆರವಿನಿಂದ ಕಟ್ಟಿದ ಇಲ್ಲಿನ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳೇ. ಪಾಠ, ಸಂಶೋಧನೆ, ರೈತರಿಗೆ ವಿಸ್ತರಣೆ, ಮೂರೂ ಬಂದವು. ಅದರ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಅಪ್ಪನ ಜೊತೆ ಹೋಗಿದ್ದೇನೆ. ಆದರೆ ನಾನು ಬೆಳೆದ ಹಳ್ಳಿಯಲ್ಲಿ, ಎಂಟು ವರ್ಷದ ಮಗುವಿಗೆ ಒಂದು ಕರು ಕೊಟ್ಟು, ಇದು ನಿನ್ನದು, ಇದರ ಲೆಕ್ಕ ನೀನೇ ಇಡು ಅನ್ನುವ ಒಂದು ಕೂಟ ಇರಲಿಲ್ಲ. ಇದ್ದಿದ್ದರೆ ನನ್ನ ಜೊತೆ ಓದಿದ ಎಷ್ಟೋ ಮಂದಿ ಹೊಲ ಮನೆ ಬಿಡುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇದಕ್ಕೆ ದೊಡ್ಡ ದುಡ್ಡು ಬೇಡ. ದನ ಬಲ್ಲ, ತಾಳ್ಮೆಯಿರುವ ಒಬ್ಬ ಹಿರಿಯರು ಊರಿಗೊಬ್ಬರು ಸಿಕ್ಕರೆ ಸಾಕು.

ಮಣ್ಣಿನ ದಿನ ಚರ್ಚ್ ತುಂಬಿ ಜನ ಹೊರಗೆ ನಿಂತಿದ್ದರು. ಮರದ ಪೆಟ್ಟಿಗೆಯ ಮೇಲೆ ಅವರ ದನಗಳ ಬರೆಯ ಗುರುತನ್ನೇ ಕಾಸಿ ಒತ್ತಿದ್ದರು. ಕ್ಲೋವರ್ ಗುರುತಿನ ಬಿಳಿ ಅಂಗಿ ಹಾಕಿದ ಚಿಕ್ಕವರು, ಶಾಲೆಯಲ್ಲಿ ಕೃಷಿ ಕಲಿಯುವ ಮಕ್ಕಳ ಎಫ್‌ಎಫ್‌ಎ ಸಂಘದ ನೀಲಿ ಕಾರ್ಡುರಾಯ್ ಜಾಕೆಟ್ ಹಾಕಿದ ದೊಡ್ಡವರು, ಅವರ ಹಿಂದೆ ನರೆಗೂದಲಿನ ಹಳೇ ಫೋರ್-ಎಚ್ ಮಕ್ಕಳು. ಆಮೇಲೆ ಚರ್ಚಿನ ಕೆಳಮನೆಯಲ್ಲಿ ಊಟ. ಅಲ್ಲಿ ಎಲ್ಲರ ಬಾಯಲ್ಲೂ ತಮ್ಮ ತಮ್ಮ ಮೊದಲ ಕರುವಿನ ಕಥೆ.

ಹೂವು ತರಬೇಡಿ, ಕ್ಲಬ್ಬಿಗೆ ಕೊಡಿ ಅಂತ ಮನೆಯವರು ಕೇಳಿಕೊಂಡಿದ್ದರು. ಬಂದ ಹಣದಲ್ಲಿ, ದನವಿಲ್ಲದ ಮನೆಯ ಮಕ್ಕಳಿಗೆ ವರ್ಷ ವರ್ಷ ಕರು ಕೊಡಿಸುವುದು ಅಂತ ತೀರ್ಮಾನವಾಗಿದೆ. ಮಕ್ಕಳ ಅರ್ಜಿ ಓದುವ ಗುಂಪಿನಲ್ಲಿ ನನ್ನ ಮಗಳಿದ್ದಾಳೆ. ಮೊದಲ ಕರು ಮೋಟೆಲ್‌ನಲ್ಲಿ ಕೆಲಸ ಮಾಡುವ ಒಬ್ಬ ತಾಯಿಯ ಮಗನಿಗೆ ಹೋಗಿದೆ. ಕೊಟ್ಟಿಗೆ ತಾತನದೇ, ಈಗ ಅವರ ಮಗ ನೋಡಿಕೊಳ್ಳುತ್ತಾರೆ. ಬೆಳಗಿನ ಹಾಲು ಕುಡಿಸಲು ಹುಡುಗನನ್ನು ಕರೆದುಕೊಂಡು ಹೋಗುವುದು ವಾರಕ್ಕೆರಡು ದಿನ ನಮ್ಮ ಪಾಳಿ.