ಡೆಟ್ರಾಯಿಟ್‌ನಲ್ಲಿ ಬೂಗೆರೋನ ಹುಡುಗಿಯರು

ಡೆಟ್ರಾಯಿಟ್ ಅಂದರೆ ಕಾರಿನ ಊರು. ಆದರೆ ಅಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ಇರುವ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಎಂಬ ಕಲಾ ಸಂಗ್ರಹಾಲಯ ನೋಡದೆ ವಾಪಸ್ ಬರಬಾರದು. ಹತ್ತಿರದ ಟ್ರಾಯ್ ಊರಿನಲ್ಲಿರುವ ತಂಗಿಯ ಜೊತೆ ಒಂದು ಭಾನುವಾರ ಹೋಗಿದ್ದೆ. ಜನ ಮೊದಲು ಹೋಗುವುದು ಮೆಕ್ಸಿಕೊದ ಕಲಾವಿದ ಡಿಯೇಗೊ ರಿವೇರಾ ಗೋಡೆಗಳ ಮೇಲೆ ಬರೆದ ಕಾರ್ಖಾನೆ ಚಿತ್ರಗಳಿರುವ ಅಂಗಳಕ್ಕೆ. ನಾನು ಹುಡುಕಿಕೊಂಡು ಹೋಗಿದ್ದು ಫ್ರಾನ್ಸ್‌ನ ವಿಲಿಯಂ-ಅಡಾಲ್ಫ್ ಬೂಗೆರೋ 1882ರಲ್ಲಿ ಬರೆದ 'ದಿ ನಟ್ ಗ್ಯಾದರರ್ಸ್' ಚಿತ್ರವನ್ನು.

ಸುಮಾರು ನಾಲ್ಕೂವರೆ ಅಡಿ ಅಗಲ ಇದೆ. ಇಬ್ಬರು ಪುಟ್ಟ ಹುಡುಗಿಯರು, ಬರಿಗಾಲು. ಒಬ್ಬಳು ಹುಲ್ಲಿನ ಮೇಲೆ ಒರಗಿದ್ದಾಳೆ, ಇನ್ನೊಬ್ಬಳು ಪಕ್ಕದಲ್ಲಿ ಕೂತಿದ್ದಾಳೆ. ಹೇಝಲ್‌ನಟ್ ಆಯ್ದು ಸಾಕಾಗಿ ಹರಟೆಗೆ ಇಳಿದಿದ್ದಾರೆ. ತೀರಾ ಹತ್ತಿರ ಹೋಗಿ ನೋಡಿದೆ. ಕೆನ್ನೆಯ ಮೇಲಾಗಲಿ ಕಾಲ್ಬೆರಳ ಮೇಲಾಗಲಿ ಕುಂಚ ಓಡಾಡಿದ ಗುರುತೇ ಇಲ್ಲ. ಅಕಾಡೆಮಿ ಪದ್ಧತಿಯವರು, ಅಂದರೆ ಕಲಾಶಾಲೆಯ ಕಟ್ಟುನಿಟ್ಟಿನ ಕ್ರಮದಲ್ಲಿ ಬರೆಯುತ್ತಿದ್ದವರು, ಇಷ್ಟಪಡುತ್ತಿದ್ದುದೇ ಈ ನುಣುಪನ್ನು. ಮೊದಲು ಕೈ, ಕಾಲು, ಮುಖಗಳ ಬಿಡಿ ರೇಖಾಚಿತ್ರ, ಆಮೇಲೆ ಬಣ್ಣದ ಕರಡು, ಕೊನೆಗೆ ಕ್ಯಾನ್ವಾಸು.

"ಅಕ್ಕಾ, ತೋಪಿನಲ್ಲಿ ಅಲೆದ ಮಕ್ಕಳ ಪಾದ ಇಷ್ಟು ಚೊಕ್ಕ ಇರತ್ತಾ?" ಅಂದಳು ತಂಗಿ.

ಸರಿಯಾದ ಪ್ರಶ್ನೆ ಅಲ್ವಾ? ಫ್ರಾನ್ಸ್‌ನಲ್ಲಿ 1841ರ ಕಾನೂನು ಎಂಟು ವರ್ಷದ ಮಕ್ಕಳನ್ನು ಕಾರ್ಖಾನೆಗೆ ಬಿಟ್ಟಿತ್ತು. 1874ರಲ್ಲಿ ಅದು ಹನ್ನೆರಡಾಯಿತು, ವಿನಾಯಿತಿಗಳೂ ಇದ್ದವು. ಆರರಿಂದ ಹದಿಮೂರರ ಮಕ್ಕಳಿಗೆ ಓದು ಕಡ್ಡಾಯವಾಗಿದ್ದು 1882ರಲ್ಲಿ, ಈ ಚಿತ್ರ ಬರೆದ ವರ್ಷವೇ. ದುಡಿಯುವ ಮಕ್ಕಳ ದಣಿವು ಈ ಹುಲ್ಲಿನ ಮೇಲೆ ಎಲ್ಲೂ ಇಲ್ಲ. ಕೊಳ್ಳುವವರು ದುಡ್ಡಿದ್ದವರು, ಅಮೆರಿಕದವರೂ ಜಾಸ್ತಿ. ಅವರಿಗೆ ಬೇಕಿದ್ದುದು ಇಂಥ ಹಳ್ಳಿಯೇ. ಸಿಹಿ ಅತಿಯಾಯಿತು ಅಂತ ಬೂಗೆರೋನನ್ನು ಬೈದವರ ಮಾತು ಪೂರ್ತಿ ತಪ್ಪಲ್ಲ.

ಆದರೂ ನನಗೆ ಈ ಚಿತ್ರ ತುಂಬಾ ಇಷ್ಟ. ಕಾರಣ ಆತನ ಮನೆಯ ಕಥೆ. ಐದು ಮಕ್ಕಳಲ್ಲಿ ನಾಲ್ವರು ಅಪ್ಪನ ಕಣ್ಣೆದುರೇ ಹೋದರು. 1877ರಲ್ಲಂತೂ ಹೆಂಡತಿ ನೆಲ್ಲಿಯೂ ಎಳೆಗೂಸೂ ಒಂದೇ ವರ್ಷ ತೀರಿಕೊಂಡರು. ಆಗ ಬರೆದ ಚಿತ್ರದಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ತಾಯಿ, ಏಸುವಿನ ತಾಯಿ ಮೇರಿಯ ಮಡಿಲಿಗೆ ಬಿದ್ದು ಅಳುತ್ತಾಳೆ. ಅದಾಗಿ ಐದೇ ವರ್ಷಕ್ಕೆ ಈ ಹುಡುಗಿಯರು. ಅವರ ಪಾದಕ್ಕೆ ಮಣ್ಣು ಹಚ್ಚಲು ಆ ಅಪ್ಪನಿಗೆ ಮನಸ್ಸು ಬರಲಿಲ್ಲ ಅಂತ ನಾನು ನಂಬುತ್ತೇನೆ. ತಂಗಿಗೂ ಅದನ್ನೇ ಹೇಳಿದೆ.

ಬೂಗೆರೋ 1825ರಲ್ಲಿ ಹುಟ್ಟಿದ್ದೂ 1905ರಲ್ಲಿ ತೀರಿಕೊಂಡಿದ್ದೂ ಫ್ರಾನ್ಸ್‌ನ ಕಡಲ ತೀರದ ಲಾ ರೋಶೆಲ್‌ನಲ್ಲಿ. ಅಲ್ಲಿಯ ಕೆಥೆಡ್ರಲ್‌ನಲ್ಲಿ ಆತ ಬರೆದ ಚಿತ್ರಗಳಿವೆ. ಮುಂದಿನ ಪ್ರವಾಸ ಅಲ್ಲಿಗೇ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.